ಇಪ್ಪತ್ತೈದು ಸಾವಿರದ ಚೀಟಿ ಮತ್ತು ನನ್ನ ಮೊದಲ ಬೇಸ್ ಗಿಟಾರ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಇದೇ ಜಾಗದಲ್ಲಿ ತಾರಸಿ ತೋಟದ ಬಗ್ಗೆ ಕೇಳಿದೆವು. ಆ ಮಾತು ಕೇಳಿ ನಾನೂ ಎರಡು ಕುಂಡ ತಂದೆ, ಒಂದರಲ್ಲಿ ಕರಿಬೇವು ಬದುಕಿದೆ. ಈ ತಿಂಗಳು ನನ್ನ ಸರದಿ. ‘ಸಾಫ್ಟ್‌ವೇರ್‌ನವರು, ಎಂ.ಟೆಕ್. ಓದಿದವರು, ಸೈಬರ್ ವಂಚನೆ ಬಗ್ಗೆ ಮಾತಾಡಿ’ ಅಂದರು. ನಾನು ‘ಬೇಸ್ ಗಿಟಾರ್ ಕೊಳ್ಳುವುದು ಹೇಗೆ ಅಂತ ಮಾತಾಡ್ತೀನಿ’ ಅಂದೆ. ಫೋನಿನ ಆ ಕಡೆ ಒಂದು ಕ್ಷಣ ಸದ್ದಿರಲಿಲ್ಲ. ಆಮೇಲೆ ‘ಸರಿ, ಹಾಗೇ ಮಾಡಿ’ ಅಂದರು. ಆ ಧೈರ್ಯಕ್ಕೆ ಅವರಿಗೆ ಥ್ಯಾಂಕ್ಸ್.

ಮೊದಲು ಬೇಸ್ ಗಿಟಾರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಇ, ಎ, ಡಿ, ಜಿ. ಒಂದು ತಂತಿಯನ್ನು ಷಡ್ಜ ಅಂದುಕೊಂಡರೆ ಮುಂದಿನ ತಂತಿ ಅದರ ಶುದ್ಧ ಮಧ್ಯಮ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರವನ್ನು ನಮ್ಮ ಮೊಬೈಲಿನ ಪುಟ್ಟ ಸ್ಪೀಕರು ಸರಿಯಾಗಿ ಹೊರಡಿಸುವುದೇ ಇಲ್ಲ. ಹಾಗಾಗಿ ನಮ್ಮಲ್ಲಿ ಬಹಳ ಜನ ಬೇಸನ್ನು ಕೇಳಿಯೂ ಕೇಳಿಲ್ಲ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಶಂಕರ್ ನಾಗ್ ಅವರ ‘ಗೀತಾ’ (1981) ಚಿತ್ರದ ಹಾಡುಗಳನ್ನೋ, ಮಣಿರತ್ನಂ ಅವರ ಮೊದಲ ಚಿತ್ರ, ನಮ್ಮ ಕನ್ನಡದ ‘ಪಲ್ಲವಿ ಅನುಪಲ್ಲವಿ’ (1983) ಹಾಡುಗಳನ್ನೋ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡಕ್ಕೂ ಇಳಯರಾಜಾ ಅವರ ಸಂಗೀತ. ಗಾಯಕರನ್ನು ಬಿಡಿ, ಪಿಟೀಲನ್ನೂ ಬಿಡಿ, ಕೆಳಗೆ ಒಂದು ದನಿ ಓಡಾಡುತ್ತಿರುತ್ತದೆ ನೋಡಿ, ಅದನ್ನು ಹಿಡಿದುಕೊಳ್ಳಿ. ನಲವತ್ತು ವರ್ಷದಿಂದ ನಾವು ಗುನುಗಿದ ಹಾಡಿನ ಕೆಳಗೆ ಇನ್ನೊಂದು ಹಾಡೇ ಇದೆ ಅಂತ ಗೊತ್ತಾಗುತ್ತದೆ. ನನಗೆ ಅದು ಗೊತ್ತಾಗಿದ್ದು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಹಾಸ್ಟೆಲಿನ ಗೆಳತಿಯ ಹೆಡ್‌ಫೋನಿನಲ್ಲಿ. ಕಾಲೇಜಿನ ಬ್ಯಾಂಡಿನ ಹುಡುಗರ ಹತ್ತಿರ ಹೋಗಿ ‘ನನಗೆ ಬೇಸ್ ಕಲಿಸ್ತೀರಾ?’ ಅಂತ ಕೇಳಿದೆ. ‘ನೀನು ಹಾಡು, ಹುಡುಗಿಯರು ಹಾಡ್ತಾರೆ’ ಅಂದರು. ನಾನು ಹಾಡಲಿಲ್ಲ, ಬಾರಿಸಲೂ ಇಲ್ಲ. ಪದವಿ ಆಯಿತು, ಎಂ.ಟೆಕ್. ಆಯಿತು, ಕೆಲಸ, ಮದುವೆ, ಹೈದರಾಬಾದು, ಮಗಳು, ಮನೆ ಸಾಲ. ನಿಮಗೆಲ್ಲ ಗೊತ್ತಿರುವ ಪಟ್ಟಿಯೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹತ್ತು ಜನ ಹೆಂಗಸರ ಚೀಟಿ ಇದೆ. ತಿಂಗಳಿಗೆ ಎರಡೂವರೆ ಸಾವಿರ, ಹತ್ತು ತಿಂಗಳು. ನನ್ನ ಹೆಸರು ಬಂದ ತಿಂಗಳು ಕೈಗೆ ಇಪ್ಪತ್ತೈದು ಸಾವಿರ ಬಂತು. ಒಬ್ಬರು ಓಲೆ ಮಾಡಿಸಿದ್ದರು, ಇನ್ನೊಬ್ಬರು ವಾಷಿಂಗ್ ಮಷಿನ್ ತಂದಿದ್ದರು. ನಾನು ಸಂಬಳ ತರುವವಳು, ಆದರೂ ಆ ಸಂಬಳದಲ್ಲಿ ಇದು ನನ್ನದು ಅಂತ ಒಂದು ರೂಪಾಯಿ ತೆಗೆದಿಟ್ಟವಳಲ್ಲ. ಇಎಂಐ, ಸ್ಕೂಲ್ ಫೀಸು, ಊರಿಗೆ ಕಳಿಸುವುದು ಎಲ್ಲಾ ಆದ ಮೇಲೆ ಉಳಿದದ್ದು ಮನೆಯದು. ಚೀಟಿ ದುಡ್ಡು ಮಾತ್ರ ನನ್ನದು ಅನ್ನಿಸಿತು. ಅದೇ ರಾತ್ರಿ ಫೋನಿನಲ್ಲಿ ‘ಬೇಸ್ ಗಿಟಾರ್, ಕಡಿಮೆ ಬೆಲೆ’ ಅಂತ ಹುಡುಕಿದೆ.

ಇಲ್ಲಿಂದ ನನ್ನ ದಡ್ಡತನದ ಕಥೆ. ಹಳೆಯ ಸಾಮಾನು ಮಾರುವ ಆ್ಯಪೊಂದರಲ್ಲಿ ಕಪ್ಪು ಬಣ್ಣದ, ಫಳಫಳ ಹೊಳೆಯುವ ಬೇಸ್ ಐದು ಸಾವಿರಕ್ಕೆ ಕಂಡಿತು. ಎರಡನೆಯ ಯೋಚನೆ ಮಾಡದೆ ಹೋಗಿ ದುಡ್ಡು ಕೊಟ್ಟು ತಂದೆ. ಹೊಸ ಸಲ್ವಾರ್ ತೆಗೆದುಕೊಳ್ಳುವಾಗ ಹೊಲಿಗೆ ಎಳೆದು ನೋಡುವ ನಾನು, ಬೆಂಡೆಕಾಯಿ ತುದಿ ಮುರಿದು ನೋಡುವ ನಾನು, ಇದನ್ನು ಮಾತ್ರ ಬಣ್ಣ ನೋಡಿ ತಂದೆ.

ಮೂರು ವಾರ ಕಲಿಯಲು ನೋಡಿದೆ. ತಂತಿ ಒತ್ತಿದರೆ ಬೆರಳು ಸೀಳುವಷ್ಟು ನೋವು. ಒತ್ತಿದರೂ ಸ್ವರ ಶುದ್ಧವಾಗಿ ಬರುತ್ತಿರಲಿಲ್ಲ, ಗೊರಗೊರ ಸದ್ದು. ರಾತ್ರಿ ಹತ್ತಕ್ಕೆ ಮಗಳು ಮಲಗಿದ ಮೇಲೆ ಅರ್ಧ ಗಂಟೆ ಕೂರುತ್ತಿದ್ದೆ, ಬೆರಳು ಊದಿಸಿಕೊಂಡು ಏಳುತ್ತಿದ್ದೆ. ‘ಮೂವತ್ತಾರು ವರ್ಷಕ್ಕೆ ಇದೆಲ್ಲ ಆಗಲ್ಲ, ಆ ಹುಡುಗರು ಹೇಳಿದ್ದೇ ಸರಿ’ ಅಂತ ನನಗೆ ನಾನೇ ಹೇಳಿಕೊಂಡೆ.

ಕೊನೆಗೆ ಗಿಟಾರ್ ರಿಪೇರಿ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಅದನ್ನು ಬಂದೂಕಿನ ಹಾಗೆ ಕಣ್ಣಿಗೆ ನೇರವಾಗಿ ಹಿಡಿದು ನೋಡಿದರು. ‘ಕತ್ತು ಬಾಗಿದೆ ಮೇಡಂ. ಒಳಗಿನ ಸರಳಿನ ಮರೆಯೂ ಸವೆದಿದೆ. ಸರಿ ಮಾಡೋ ಖರ್ಚಲ್ಲಿ ಇನ್ನೊಂದು ಬರುತ್ತೆ. ನಿಮ್ಮ ಬೆರಳಿನ ತಪ್ಪಲ್ಲ’ ಅಂದರು. ಆ ಕೊನೆಯ ಮಾತು ಕೇಳಿ ನನಗೆ ಅಳು ಬಂತು. ಐದು ಸಾವಿರ ಹೋಗಿದ್ದಕ್ಕಲ್ಲ. ಮೂರು ವಾರ ನನ್ನನ್ನು ನಾನೇ ಬೈದುಕೊಂಡಿದ್ದಕ್ಕೆ.

ಗೆಳತಿಯರೇ, ನಾನು ಇವತ್ತು ಹೇಳಬೇಕೆಂದು ಬಂದಿರುವ ಮುಖ್ಯವಾದ ಮಾತು ಇದೇ. ಕೆಟ್ಟ ವಾದ್ಯ ತನ್ನ ತಪ್ಪನ್ನು ಕಲಿಯುವವರ ಮೇಲೆ ಹಾಕುತ್ತದೆ. ಅನುಭವಸ್ಥರಿಗೆ ವಾದ್ಯದ ದೋಷ ಗೊತ್ತಾಗುತ್ತದೆ. ಹೊಸಬರು ‘ನನಗೇ ಬರಲ್ಲ’ ಅಂದುಕೊಂಡು ಎದ್ದುಬಿಡುತ್ತಾರೆ. ನಿಮ್ಮ ಮಕ್ಕಳಿಗೆ ಕೀಬೋರ್ಡ್ ಕೊಡಿಸಿ, ಕೊಳಲು ಕೊಡಿಸಿ, ವೀಣೆ ಕೊಡಿಸಿ, ‘ಸದ್ಯಕ್ಕೆ ಯಾವುದೋ ಒಂದು ಸಾಕು’ ಅನ್ನುವ ಮುಂಚೆ ಇದನ್ನು ನೆನಪಿಡಿ. ದುಬಾರಿಯದು ಬೇಕಿಲ್ಲ, ಸರಿಯಾಗಿರುವುದು ಬೇಕು.

ಉಳಿದದ್ದು ಇಪ್ಪತ್ತು ಸಾವಿರ. ಈ ಸಲ ಎಂ.ಟೆಕ್. ಬುದ್ಧಿ ಉಪಯೋಗಿಸಿದೆ. ಎಕ್ಸೆಲ್ ಶೀಟ್ ಮಾಡಿದೆ, ಹನ್ನೊಂದು ಕಾಲಂ. ಮರ ಯಾವುದು, ತೂಕ ಎಷ್ಟು, ಪಿಕಪ್ ಯಾವುದು, ಯಮಹಾ, ಇಬಾನೆಜ್, ಕಾರ್ಟ್, ಸ್ಕ್ವಾಯರ್ ಎಲ್ಲವೂ ಬಣ್ಣ ಬಣ್ಣದ ಸಾಲುಗಳಲ್ಲಿ. ನಮ್ಮನೆಯವರು ನೋಡಿ ‘ಇದರಲ್ಲಿ ಕೈಗೆ ಹೇಗಿದೆ ಅನ್ನೋ ಕಾಲಂ ಎಲ್ಲಿ?’ ಅಂದರು. ಅದಿರಲಿಲ್ಲ. ಶನಿವಾರ ಮಿಯಾಪುರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ಸಿಕಂದರಾಬಾದಿನ ಕಡೆ ಹೋಗಿ ವಾದ್ಯದ ಅಂಗಡಿಯೊಂದನ್ನು ಹೊಕ್ಕೆ.

ಅಂಗಡಿಯ ಹುಡುಗ ನಗುತ್ತಾ ‘ಬಾಬು ಕೋಸಮಾ ಮೇಡಂ?’ ಅಂದ. ‘ನಾ ಕೋಸಮೇ’ ಅಂದೆ. ಅವನು ಕ್ಷಣ ನೋಡಿ, ಸ್ಟೂಲು ತಂದು ಹಾಕಿ, ಒಂದಾದ ಮೇಲೊಂದು ನಾಲ್ಕು ಬೇಸ್ ಕೈಗೆ ಕೊಟ್ಟ. ಎರಡು ಗಂಟೆ ಕೂತೆ. ಆ ಎರಡು ಗಂಟೆಯಲ್ಲಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಗುರುತು ಹಾಕಿಕೊಳ್ಳುವವರು ಹಾಕಿಕೊಳ್ಳಿ.

ಮೊದಲನೆಯದು ಉದ್ದ. ಮಾಮೂಲಿ ಗಿಟಾರಿನಲ್ಲಿ ತಂತಿಯ ಬಾರಿಸುವ ಉದ್ದ ಸುಮಾರು 25 ಇಂಚು, ಬೇಸಿನಲ್ಲಿ 34 ಇಂಚು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸಿನಿಂದ ಈ ಅಳತೆ ರೂಢಿಗೆ ಬಂತು. ಅದಕ್ಕೂ ಮುಂಚೆ ಬೇಸ್ ಅಂದರೆ ಆಳೆತ್ತರದ ದೊಡ್ಡ ಪಿಟೀಲಿನಂಥ ವಾದ್ಯ, ನಿಂತೇ ನುಡಿಸಬೇಕು, ಸ್ವರಸ್ಥಾನ ಅಂದಾಜಿನಲ್ಲೇ ಹಿಡಿಯಬೇಕು. ಫೆಂಡರ್ ಮೆಟ್ಟಿಲು ಕೂರಿಸಿದ್ದರಿಂದ ಸ್ವರ ನಿಖರವಾಯಿತು, ಹೆಸರೂ ಹಾಗೇ ಬಂತು. ನನ್ನ ಕೈ ಚಿಕ್ಕದು. 30 ಇಂಚಿನ ಗಿಡ್ಡ ಬೇಸೂ ಸಿಗುತ್ತವೆ, ಅದೇ ಬೇಕಾಗುತ್ತದೆ ಅಂದುಕೊಂಡಿದ್ದೆ. ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ನಾಲ್ಕು ಬೆರಳನ್ನೂ ಹಿಗ್ಗಿಸಬೇಕಿಲ್ಲ. ತೋರುಬೆರಳು, ನಡುಬೆರಳು, ಕಿರುಬೆರಳು ಬಳಸಿದರೆ ಸಾಕು, ದೊಡ್ಡ ಬೇಸಿನವರು ಮಾಡುವುದೇ ಹಾಗೆ ಅಂತ ಅಲ್ಲಿದ್ದ ಒಬ್ಬ ಹಿರಿಯರು ತೋರಿಸಿಕೊಟ್ಟರು. 34 ಇಂಚು ನನ್ನ ಕೈಗೆ ಬಂತು. ನಿಮಗೆ ಬರದಿದ್ದರೆ ಗಿಡ್ಡದೇ ತೆಗೆದುಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ.

ಎರಡನೆಯದು ತೂಕ. ಬಹಳಷ್ಟು ಬೇಸುಗಳು ಮೂರೂವರೆಯಿಂದ ನಾಲ್ಕೂವರೆ ಕಿಲೋ ತೂಗುತ್ತವೆ. ಅಂಗಡಿಯಲ್ಲಿ ಕೂತು ನುಡಿಸಿ ಚೆಂದ ಅನ್ನಿಸಿದ್ದು, ಹೆಗಲಿಗೆ ಹಾಕಿ ಹತ್ತು ನಿಮಿಷ ನಿಂತರೆ ಬೇರೆಯೇ ಕಥೆ. ಬೆಲ್ಟನ್ನು ಮೂರು ಇಂಚು ಅಗಲದ್ದೇ ಕೊಳ್ಳಿ, ಸಣ್ಣದು ಹೆಗಲು ಕೊರೆಯುತ್ತದೆ. ಕೈ ಬಿಟ್ಟರೆ ಕತ್ತು ತಾನಾಗಿ ನೆಲಕ್ಕೆ ವಾಲುತ್ತದೆಯೇ ನೋಡಿ. ವಾಲಿದರೆ ಎಡಗೈ ಜೀವನಪೂರ್ತಿ ಅದನ್ನು ಎತ್ತಿ ಹಿಡಿಯುವ ಕೆಲಸವನ್ನೇ ಮಾಡಬೇಕು. ಇನ್ನು ಬಳೆ ತೆಗೆದಿಡಬೇಕು, ದುಪಟ್ಟಾ ಕಟ್ಟಿಕೊಳ್ಳಬೇಕು, ಎಡಗೈ ಉಗುರು ಕತ್ತರಿಸಲೇಬೇಕು. ಇವನ್ನು ಯಾವ ವಿಡಿಯೋದಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಮೂರನೆಯದು ಕತ್ತು ಮತ್ತು ತಂತಿಯ ಎತ್ತರ. ನನ್ನ ಐದು ಸಾವಿರ ಹೋಗಿದ್ದು ಇಲ್ಲೇ. ತುದಿಯಿಂದ ಕಣ್ಣಿಟ್ಟು ನೋಡಿ, ಕತ್ತು ಹೆಚ್ಚುಕಡಿಮೆ ನೇರವಾಗಿರಬೇಕು, ತಿರುಚಿರಬಾರದು. ಹನ್ನೆರಡನೇ ಮೆಟ್ಟಿಲಿನ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರು ಎತ್ತರದಲ್ಲಿದ್ದರೆ ಹೊಸಬರಿಗೆ ಸುಖ. ನನ್ನ ಮೊದಲನೆಯದರಲ್ಲಿ ಪೆನ್ಸಿಲ್ ತೂರುತ್ತಿತ್ತು. ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಬೇಸರವಾದರೂ ಎಲ್ಲವನ್ನೂ ನೋಡಿ, ಎಲ್ಲಾದರೂ ಗೊರಗುಟ್ಟುತ್ತದೆಯೇ ಕೇಳಿ. ಆಮೇಲೆ ಹನ್ನೆರಡನೇ ಮೆಟ್ಟಿಲಿನ ನೇರಕ್ಕೆ ಒತ್ತದೆ, ಸುಮ್ಮನೆ ತಾಗಿಸಿ ಬರುವ ಸ್ವರ, ಅಲ್ಲೇ ಒತ್ತಿ ಬರುವ ಸ್ವರ ಎರಡೂ ಒಂದೇ ಆಗಿರಬೇಕು. ಮೊಬೈಲಿನ ಟ್ಯೂನರ್ ಆ್ಯಪ್ ಸಾಕು, ಪುಕ್ಕಟೆ. ಕತ್ತಿನ ಒಳಗೆ ಒಂದು ಉಕ್ಕಿನ ಸರಳಿದೆ. ಹೈದರಾಬಾದಿನ ಏಪ್ರಿಲ್ ಬಿಸಿಲಿಗೂ ಆಗಸ್ಟಿನ ತೇವಕ್ಕೂ ಮರ ಅಲುಗಾಡುತ್ತದೆ, ಆಗ ಸರಿಮಾಡುವುದು ಆ ಸರಳಿನಿಂದಲೇ. ಅದು ತಿರುಗುತ್ತದೆಯೇ ಎಂದು ಗೊತ್ತಿದ್ದವರಿಂದ ನೋಡಿಸಿ, ಹಳೆಯದು ಕೊಳ್ಳುವಾಗಂತೂ ಖಂಡಿತ.

ನಾಲ್ಕನೆಯದು ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿಯುವ ಅಯಸ್ಕಾಂತದ ಸುರುಳಿ. ಪಿ ಅನ್ನುವುದು ದುಂಡು ದನಿ, ಜೆ ಅನ್ನುವುದು ಸ್ವಲ್ಪ ಚೂಪು ದನಿ. ಕೆಲವಕ್ಕೆ ಎರಡೂ ಇರುತ್ತವೆ. ಕೆಲವಕ್ಕೆ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ, ನುಡಿಸಿದ ಮೇಲೆ ಕೇಬಲ್ ಕಿತ್ತಿಡದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿ. ಮೊದಲ ವರ್ಷ ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಎಕ್ಸೆಲ್‌ನಲ್ಲಿ ಇದಕ್ಕೇ ಮೂರು ಕಾಲಂ ಇತ್ತು, ಕತ್ತಿಗೆ ಒಂದೂ ಇರಲಿಲ್ಲ.

ಐದನೆಯದು ದುಡ್ಡು. ಬಜೆಟ್ಟನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಮೂರರಲ್ಲಿ ಎರಡು ಪಾಲು ವಾದ್ಯಕ್ಕೆ, ಒಂದು ಪಾಲು ಉಳಿದದ್ದಕ್ಕೆ. ಸದ್ದು ಕೇಳಲು ಏನಾದರೂ ಬೇಕಲ್ಲ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತಕ್ಕೆ ಅಭ್ಯಾಸ ಮಾಡುವವರಿಗೆ ದೊಡ್ಡ ಆಂಪ್ಲಿಫೈಯರ್ ಬೇಡ. ವಾದ್ಯಕ್ಕೇ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಆಂಪ್ ಸಾಕು. ಮನೆಯಲ್ಲಿ ಮಗನ ಗಿಟಾರ್ ಆಂಪ್ ಇದ್ದರೆ ಅದಕ್ಕೆ ಬೇಸ್ ಹಾಕಿ ಜೋರು ಮಾಡಬೇಡಿ, ಆ ಸ್ಪೀಕರು ಇಷ್ಟು ಕೆಳಗಿನ ಸದ್ದಿಗೆ ಮಾಡಿದ್ದಲ್ಲ, ಹರಿದುಹೋದೀತು.

ಇನ್ನು ಹೈದರಾಬಾದಿನವರಿಗೆ ಮಾತ್ರ ಒಂದು ಗುಟ್ಟು. ನಮ್ಮೂರಿನ ಮಕ್ಕಳು ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಡುವುದು ಜುಲೈ, ಆಗಸ್ಟಿನಲ್ಲಿ. ಹೊರಡುವ ಮುಂಚೆ ಸ್ಕೂಟಿ, ಸೈಕಲ್ಲು, ಗಿಟಾರು ಎಲ್ಲಾ ಮಾರುತ್ತಾರೆ. ಎರಡು ಸೂಟ್‌ಕೇಸಿನಲ್ಲಿ ಬೇಸ್ ಹಿಡಿಸುವುದಿಲ್ಲ. ನಾನು ಜುಲೈವರೆಗೆ ಕಾದೆ. ಕುಕಟ್‌ಪಲ್ಲಿಯ ಒಬ್ಬ ಹುಡುಗ ಇಬಾನೆಜ್ ಜಿಎಸ್‌ಆರ್ ಸರಣಿಯ ಬೇಸ್ ಮಾರುತ್ತಿದ್ದ. ಕತ್ತು ತೆಳು, ತೂಕ ಕಡಿಮೆ. ಈ ಸಲ ರಿಪೇರಿಯವರನ್ನೂ ಕರೆದುಕೊಂಡು ಹೋದೆ. ಅವರು ಕಣ್ಣಿಟ್ಟು ನೋಡಿ ತಲೆಯಾಡಿಸಿದರು. ಹುಡುಗನ ತಾಯಿ ಟೀ ಕೊಟ್ಟು, ‘ಇವನು ಹೋದ ಮೇಲೆ ಮನೆ ಸದ್ದೇ ಇರಲ್ಲಮ್ಮ’ ಅಂತ ತೆಲುಗಿನಲ್ಲಿ ಹೇಳಿ ಅತ್ತ ತಿರುಗಿಕೊಂಡರು. ನಾನು ಚೌಕಾಶಿ ಮಾಡಲಿಲ್ಲ.

ಲೆಕ್ಕ ಕೇಳಿ. ಬೇಸ್ 13,500, ಅದರ ಬ್ಯಾಗೂ ಜೊತೆಗೆ ಬಂತು. ಹೊಸ ತಂತಿ ಮತ್ತು ಸೆಟಪ್ 2,300. ಕೇಬಲ್ 500. ಬೆಲ್ಟ್ 450. ಹೆಡ್‌ಫೋನ್ ಆಂಪ್ 2,400. ಒಟ್ಟು 19,150. ಉಳಿದ 850ರಲ್ಲಿ ನಮ್ಮನೆಯವರಿಗೂ ಮಗಳಿಗೂ ಬಿರಿಯಾನಿ. ತಂತಿ, ಕೇಬಲ್, ಬೆಲ್ಟನ್ನು ಸಿಕಂದರಾಬಾದಿನ ಅದೇ ಅಂಗಡಿಯಲ್ಲೇ ತಂದೆ. ಎರಡು ಗಂಟೆ ಸ್ಟೂಲು ಹಾಕಿ ಕೂರಿಸಿದವನ ಋಣ ಇಟ್ಟುಕೊಳ್ಳಬಾರದು.

‘ಹೆಂಗಸರು ಬೇಸ್ ನುಡಿಸ್ತಾರಾ?’ ಅಂತ ಯಾರಾದರೂ ಕೇಳಿದರೆ ಎರಡು ಹೆಸರು ಹೇಳಿ. ಒಂದು, ಅಮೆರಿಕದ ಕ್ಯಾರಲ್ ಕೇ. ಅವರು ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ದಿನ ರೆಕಾರ್ಡಿಂಗಿಗೆ ಬೇಸಿನವರು ಬರಲಿಲ್ಲ, ಇವರು ಕೈಗೆತ್ತಿಕೊಂಡರು. ಮುಂದೆ ಆ ಕಾಲದ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಅವರದೇ ಬೇಸ್. ಇನ್ನೊಂದು, ನಮ್ಮ ಮುಂಬೈಯ ಮೋಹಿನಿ ಡೇ. ತಂದೆಯೂ ಬೇಸ್ ನುಡಿಸುವವರು. ಎ.ಆರ್. ರೆಹಮಾನ್ ಜೊತೆ ನುಡಿಸಿದಾಗ ಆಕೆ ಇನ್ನೂ ಚಿಕ್ಕ ಹುಡುಗಿ. ಕಾಲೇಜಿನಲ್ಲಿ ನನಗೆ ಈ ಹೆಸರುಗಳು ಗೊತ್ತಿದ್ದರೆ ಆ ಹುಡುಗರಿಗೆ ಉತ್ತರ ಕೊಡುತ್ತಿದ್ದೆ.

ಕೊನೆಗೆ ಒಂದು ಮಾತು, ಇದನ್ನು ಹೇಳಬೇಕೋ ಬೇಡವೋ ಅಂತ ಬರುವಾಗಲೂ ಯೋಚಿಸುತ್ತಿದ್ದೆ.

ಹಾಸನದಲ್ಲಿರುವ ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ‘ಎಷ್ಟಾಯ್ತೇ?’ ಅಂದರು. ‘ಮೂರು ಸಾವಿರ ಅಮ್ಮ, ಸೆಕೆಂಡ್ ಹ್ಯಾಂಡು’ ಅಂದುಬಿಟ್ಟೆ. ಸುಳ್ಳು ತಾನಾಗಿ ಬಾಯಿಗೆ ಬಂತು. ತಿಂಗಳಿಗೆ ಅದಕ್ಕಿಂತ ಎಷ್ಟೋ ಪಾಲು ದುಡಿಯುವವಳು, ನನಗೋಸ್ಕರ ಖರ್ಚು ಮಾಡಿದ್ದನ್ನು ಹೇಳಲು ಹೆದರಿದೆ. ನಮ್ಮಲ್ಲಿ ಎಷ್ಟು ಜನ ಸೀರೆಯ ಬೆಲೆಯನ್ನು ಅರ್ಧ ಮಾಡಿ ಹೇಳಿಲ್ಲ, ಕೈ ಎತ್ತಿ ನೋಡೋಣ. (ಇಲ್ಲಿ ಯಾರೂ ಕೈ ಎತ್ತಲಿಲ್ಲ, ಎಲ್ಲರೂ ನಕ್ಕರು.)

ದಸರಾ ರಜಕ್ಕೆ ಅಮ್ಮ ಬಂದರು. ಮೊದಲ ದಿನವೇ ನನ್ನ ಆರು ವರ್ಷದ ಮಗಳು ‘ಅಜ್ಜೀ, ಅದನ್ನ ಮುಟ್ಟಬಾರದು, ಹದಿಮೂರೂವರೆ ಸಾವಿರ!’ ಅಂದಳು. ನಾನು ಅಡುಗೆಮನೆಯಲ್ಲೇ ನಿಂತೆ. ಅಮ್ಮ ಏನೂ ಅನ್ನಲಿಲ್ಲ. ರಾತ್ರಿ ಪಾತ್ರೆ ಒರೆಸುತ್ತಾ ಹೇಳಿದರು: ‘ನನ್ನ ಹತ್ರ ಬೆಲೆ ಕಮ್ಮಿ ಮಾಡಿ ಹೇಳಬೇಡ ಕಣೇ. ಹಾರ್ಮೋನಿಯಂ ಹಾಳಾಗಿತ್ತು, ಕೊಟ್ಟುಬಿಟ್ಟೆ ಅಂದಿದ್ದೆನಲ್ಲ, ನೀನು ಸಿಇಟಿ ಬರೆಯೋ ವರ್ಷ? ಹಾಳಾಗಿರಲಿಲ್ಲ.’

ಅಮ್ಮ ಬೀದಿಯ ಮಕ್ಕಳಿಗೆಲ್ಲ ದೇವರನಾಮ ಹೇಳಿಕೊಡುತ್ತಿದ್ದ ಹಾರ್ಮೋನಿಯಂ ಅದು. ಕೋಚಿಂಗ್ ಫೀಸಿಗೆ ಮಾರಿದ್ದರು. ಆ ಮೇಲೆ ಅವರು ಹಾಡಿದ್ದು ನನಗೆ ನೆನಪಿಲ್ಲ, ಯಾಕೆ ಹಾಡುತ್ತಿಲ್ಲ ಅಂತ ನಾನು ಕೇಳಿದ್ದೂ ನೆನಪಿಲ್ಲ.

ಮರುದಿನ ‘ಯಾವ ಶ್ರುತಿಗೆ ಹಾಡ್ತಿದ್ದೆ ಅಮ್ಮ?’ ಅಂದೆ. ‘ಬಿಳಿ ಐದು’ ಅಂದರು. ಹಾರ್ಮೋನಿಯಂನ ಐದನೇ ಬಿಳಿ ಮನೆ, ಅಂದರೆ ಜಿ. ನನ್ನ ಬೇಸಿನ ಎಲ್ಲಕ್ಕಿಂತ ತೆಳು ತಂತಿಯೇ ಜಿ, ಅದರ ಪಕ್ಕದ್ದು ಡಿ. ಒತ್ತುವುದೇ ಬೇಡ, ಬಿಟ್ಟ ತಂತಿಯಲ್ಲೇ ಷಡ್ಜ, ಬಿಟ್ಟ ತಂತಿಯಲ್ಲೇ ಮಂದ್ರ ಪಂಚಮ. ಹೆಡ್‌ಫೋನ್ ಆಂಪನ್ನು ಮನೆಯ ಸ್ಪೀಕರಿಗೆ ಸಿಕ್ಕಿಸಿ, ಸಣ್ಣಗೆ ಇಟ್ಟು, ಆ ಎರಡನ್ನೇ ನುಡಿಸುತ್ತಾ ಕೂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡು, ಪುರಂದರದಾಸರ ಒಂದು ಪದ ಶುರು ಮಾಡಿದರು. ನಡುವೆ ಎರಡು ಕಡೆ ಸಾಲು ಮರೆತರು. ಶ್ರುತಿ ಮಾತ್ರ ಅಲುಗಲಿಲ್ಲ.

ಈಗ ನಾನು ಏಳೆಂಟು ಹಾಡು ನುಡಿಸಬಲ್ಲೆ. ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವರ ಎಡಗೈಗೆ ಬಿಡುವು ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ತಪ್ಪಿದರೆ ಸಹಿಸಿಕೊಳ್ಳಿ. ಬೇಸಿನವಳು ಸರಿಯಾಗಿ ನುಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಡುಗೆಯ ಉಪ್ಪಿನ ಹಾಗೆ.

ನಿಮ್ಮಲ್ಲಿ ಯಾರಿಗಾದರೂ ಇಂಥದ್ದೊಂದು ಆಸೆ ಇದ್ದರೆ, ಅದು ಬೇಸೇ ಆಗಬೇಕಿಲ್ಲ, ಕೊಳ್ಳುವ ಮುಂಚೆ ನಮ್ಮನೆಗೆ ಬನ್ನಿ. ಮಂಚದ ಕೆಳಗೆ ಆ ಐದು ಸಾವಿರದ ಕಪ್ಪು ಬೇಸ್ ಇನ್ನೂ ಇದೆ. ಹೇಗಿರಬಾರದು ಅಂತ ಅದನ್ನು ಕೈಗೆ ಕೊಟ್ಟೇ ತೋರಿಸುತ್ತೇನೆ. ಆಮೇಲೆ ಕಾಫಿ ಕುಡಿದು, ಅಂಗಡಿಗೆ ಜೊತೆಯಲ್ಲೇ ಹೋಗೋಣ. ಬೆಲೆ ಎಷ್ಟಾಯಿತು ಅಂತ ಮನೆಯಲ್ಲಿ ಕೇಳಿದರೆ, ಇದ್ದದ್ದು ಇದ್ದ ಹಾಗೆ ಹೇಳೋಣ.